ಮನೆ ರೆಕಾರ್ಡಿಂಗು ಪೆನ್‌ಡ್ರೈವಿಗೆ ಹಾಕಿದರೆ ಹಾಡವಲ್ದು: ದೋಷ ಹುಡುಕುವ ಬಗೆ

ಅಜ್ಜಿ ಹಾಡಿದ ಬೀಸುವ ಪದ, ಶ್ರಾವಣದ ಭಜನಿ, ಜಾತ್ರೆಯಲ್ಲಿ ಬೆಳಗಿನ ತನಕ ನಡೆದ ಪಾರಿಜಾತದ ಬಯಲಾಟ, ಮೊಹರಮ್ಮಿನ ರಿವಾಯತ್ ಪದ. ಮೊಬೈಲಿನಲ್ಲೋ ಹಳೇ ಕ್ಯಾಸೆಟ್ಟಿನಲ್ಲೋ ಇರುವ ಇಂಥದ್ದನ್ನು ಪೆನ್‌ಡ್ರೈವಿಗೆ ಹಾಕಿ ಹೊಲದ ರೇಡಿಯೋದಲ್ಲೋ, ಕಬ್ಬಿನ ಟ್ರ್ಯಾಕ್ಟರಿನ ಟೇಪಿನಲ್ಲೋ, ಕೀಪ್ಯಾಡ್ ಫೋನಿನಲ್ಲೋ ಹಚ್ಚಿದಾಗ ಬರುವ ದೂರುಗಳು ಊರೂರಿಗೆ ಬೇರೆಯಲ್ಲ. ಅಥಣಿಯಲ್ಲಿ ಬಂದದ್ದೇ ಜಮಖಂಡಿಯಲ್ಲಿ, ಅದೇ ಇಂಡಿಯಲ್ಲಿ. ಪ್ಲೇಯರ್ ಕೆಟ್ಟಿತೆಂದು ಹೊಸದು ತರುವವರೇ ಹೆಚ್ಚು. ಆದರೆ ಪ್ಲೇಯರ್ ಕೆಟ್ಟಿರುವುದು ಅಪರೂಪ. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ರೆಕಾರ್ಡಿಂಗನ್ನು ಪ್ಲೇಯರಿಗೆ ಬೇಕಾದ ಫೈಲಾಗಿ ಹೊರತೆಗೆಯುವಾಗ, ಒಂದು ಆಯ್ಕೆ ತಪ್ಪಿರುತ್ತದೆ, ಇಲ್ಲವೇ ರೆಕಾರ್ಡ್ ಮಾಡಿದ ವೈರಿನಲ್ಲೇ ತಪ್ಪಿರುತ್ತದೆ.

ಮೊದಲು ಅದಲು ಬದಲು

ಆ ಪ್ಲೇಯರಿನಲ್ಲಿ ಹಿಂದೆ ಸರಿಯಾಗಿ ಹಾಡಿದ ಒಂದು ಎಂಪಿ3 ಹಾಡನ್ನು ಅದೇ ಪೆನ್‌ಡ್ರೈವಿಗೆ ಹಾಕಿ. ಅದು ಹಾಡಿದರೆ ಪ್ಲೇಯರೂ ಪೆನ್‌ಡ್ರೈವೂ ಸರಿ ಇವೆ, ತಪ್ಪು ನಿಮ್ಮ ಫೈಲಿನದು. ಅದೂ ಹಾಡದಿದ್ದರೆ ಬೇರೆ ಪೆನ್‌ಡ್ರೈವ್ ಹಾಕಿ ನೋಡಿ. ಅದೂ ನಡೆಯದಿದ್ದರೆ ಮಾತ್ರ ಪ್ಲೇಯರ್ ಕಡೆ ನೋಡಬೇಕು. ಆಮೇಲೆ ನಿಮ್ಮ ಫೈಲನ್ನು ಕಂಪ್ಯೂಟರಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲೇ ಗೊರಗೊರ ಇದ್ದರೆ ಎಕ್ಸ್‌ಪೋರ್ಟಿನದಲ್ಲ, ರೆಕಾರ್ಡಿಂಗಿನ ದೋಷ. ಐದು ನಿಮಿಷದ ಈ ಕೆಲಸ ಬಿಟ್ಟು ನೇರ ಸೆಟ್ಟಿಂಗ್ ತಿರುವುತ್ತ ಕೂತರೆ ಸಂಜೆಯಾಗುತ್ತದೆ.

ಮುಂದೆ ಹೇಳುವುದೆಲ್ಲ ಆಡಾಸಿಟಿ ಎಂಬ ದನಿ ತಿದ್ದುವ ಸಾಫ್ಟ್‌ವೇರ್ ಇಟ್ಟುಕೊಂಡು. ಅದು ಪುಕ್ಕಟೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಎಂಪಿ3 ಮಾಡಲು ಬೇಕಾದ ಲೇಮ್ ಎಂಬ ಭಾಗ 2019ರ 2.3.2 ಆವೃತ್ತಿಯಿಂದ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಅದರೊಳಗೇ ಬರುತ್ತದೆ. ಬೇರೆಯಾಗಿ ತಂದು ಸೇರಿಸಿರೆಂದು ಹೇಳುವ ಹಳೇ ವಿಡಿಯೋಗಳನ್ನು ನಂಬಿ ಹುಡುಕಾಡಬೇಡಿ.

“ಹಾಡ ಕಾಣವಲ್ದು”, “ಜಿಗದು ಮುಂದಿಂದಕ್ಕ ಹೋಗ್ತದ”

ಮೊಬೈಲಿನ ರೆಕಾರ್ಡರ್ ಸಾಮಾನ್ಯವಾಗಿ ಎಂ4ಎ ಫೈಲ್ ಮಾಡುತ್ತದೆ, ಅದರೊಳಗಿರುವುದು ಎಎಸಿ ಎಂಬ ಬಗೆಯಲ್ಲಿ ಕುಗ್ಗಿಸಿದ ದನಿ. ಹಳೇ ಫೋನುಗಳು ಎಎಂಆರ್ ಅಥವಾ 3ಜಿಪಿ ಮಾಡುತ್ತಿದ್ದವು. ವಾಟ್ಸಾಪಿನಲ್ಲಿ ಬಂದ ದನಿ ಓಪಸ್ ಎಂಬ ಇನ್ನೊಂದು ಬಗೆ. ಸಂತೆಯಲ್ಲಿ ಸಿಗುವ ಅಗ್ಗದ ಸ್ಪೀಕರಿಗೆ ಗೊತ್ತಿರುವುದು ಎಂಪಿ3, ಅದು ಬಿಟ್ಟರೆ ವೇವ್, ಕೆಲವಕ್ಕೆ ಡಬ್ಲ್ಯೂಎಂಎ. ಉಳಿದದ್ದು ಅದರ ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಫೈಲಿನ ಹೆಸರಿನ ಕೊನೆಯ ಎಂ4ಎ ಅಳಿಸಿ ಎಂಪಿ3 ಅಂತ ಬರೆಯುವುದು. ಜೋಳದ ಚೀಲದ ಮೇಲೆ ಗೋಧಿ ಅಂತ ಬರೆದರೆ ಒಳಗಿನದು ಗೋಧಿಯಾಗುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಅದು ಹಾಡುತ್ತದೆ. ಮೊಬೈಲ್ ಹೆಸರು ನೋಡದೆ ಒಳಗೆ ಏನಿದೆ ಎಂದು ನೋಡುವುದರಿಂದ ಹಾಗಾಗುತ್ತದೆ, ಮೋಸ ಹೋಗುವುದೂ ಅದಕ್ಕೇ. ಪ್ಲೇಯರ್ ಅದೇ ಹಾಡಿಗೆ ಬಂದು, ಎರಡು ಸೆಕೆಂಡ್ ಸುಮ್ಮನಿದ್ದು, ಮುಂದಕ್ಕೆ ಜಿಗಿಯುತ್ತದೆ. ಕೆಲವು ಅಲ್ಲೇ ನಿಂತುಬಿಡುತ್ತವೆ, ಪವರ್ ತೆಗೆದು ಹಾಕುವ ತನಕ ಏಳುವುದಿಲ್ಲ.

ಸರಿಯಾದ ದಾರಿ ಇದು. ಫೈಲನ್ನು ಆಡಾಸಿಟಿಯಲ್ಲಿ ತೆರೆಯಿರಿ. ವಿಂಡೋಸಿನಲ್ಲಿ ಎಂ4ಎ ತೆರೆಯದೆ ತಕರಾರು ಮಾಡಿದರೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಹಾಕಿಕೊಳ್ಳಬೇಕು, ಅದು ಇಂದಿಗೂ ಬೇರೆಯಾಗಿಯೇ ಬರುತ್ತದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆಡಿಯೋಕ್ಕೆ ಹೋಗಿ ಎಂಪಿ3 ಆರಿಸಿ. ಸ್ಯಾಂಪಲ್ ರೇಟ್ (ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆಯುತ್ತದೆ ಎಂಬುದು) 44,100 ಹರ್ಟ್ಸ್, ಬಿಟ್ ರೇಟ್ (ಒಂದು ಸೆಕೆಂಡಿನ ದನಿಗೆ ಬಳಸುವ ಜಾಗ) ಮೋಡ್ ಕಾನ್‌ಸ್ಟಂಟ್, ಗುಣಮಟ್ಟ 128 ಕೆಬಿಪಿಎಸ್. ಒಂದೇ ಮೈಕಿನಲ್ಲಿ ಹಿಡಿದ ದನಿಗೆ ಚಾನೆಲ್ ಮೋನೋ (ಎಡ ಬಲ ಬೇರೆಯಿಲ್ಲದ ಒಂದೇ ದನಿ) ಮಾಡಿ 64 ಇಟ್ಟರೂ ಸಾಕು. ಒಂದು ಗಂಟೆಗೆ 128ರಲ್ಲಿ ಸುಮಾರು 58 ಎಂಬಿ, 64ರಲ್ಲಿ ಅದರ ಅರ್ಧ. ಎಎಂಆರ್‌ನಿಂದ ಬಂದದ್ದನ್ನು 320ಕ್ಕೆ ಏರಿಸಿದರೆ ದನಿ ಚೊಕ್ಕ ಆಗುವುದಿಲ್ಲ, ಫೈಲ್ ಅಷ್ಟೇ ದಪ್ಪ ಆಗುತ್ತದೆ. ಎಎಂಆರ್ ಫೋನ್ ಮಾತಿಗಾಗಿ ಮಾಡಿದ್ದು, ಸೆಕೆಂಡಿಗೆ 8,000 ಸ್ಯಾಂಪಲ್ ಮಾತ್ರ. ಅದರಲ್ಲಿ ತಾಳದ ಝಣತ್ಕಾರ ಮೊದಲೇ ಉಳಿದಿಲ್ಲ.

ಫೈಲ್ ನಿಜವಾಗಿಯೂ ಎಂಪಿ3 ಇದ್ದು ಹಾಡಿನ ಒಟ್ಟು ಸಮಯ ತಪ್ಪು ತೋರಿಸಿದರೆ, ಮುಂದಕ್ಕೆ ಓಡಿಸಿದಾಗ ಎಲ್ಲೋ ಹೋಗಿ ಬಿದ್ದರೆ, ಅದು ವೇರಿಯಬಲ್, ಅಂದರೆ ಹಾಡಿನುದ್ದಕ್ಕೂ ಏರಿಳಿಯುವ ಬಿಟ್ ರೇಟಿನ ಫೈಲು. ಕಾನ್‌ಸ್ಟಂಟಿನಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ವೇವ್ ಫೈಲ್ ಹಾಡದಿದ್ದರೆ ಅದು 24 ಬಿಟ್ಟಿನದೋ 32 ಬಿಟ್ ಫ್ಲೋಟಿನದೋ ನೋಡಿ. ಅಗ್ಗದ ಪ್ಲೇಯರಿಗೆ 16 ಬಿಟ್ ಪಿಸಿಎಂ (ಕುಗ್ಗಿಸದ ಮಾಮೂಲಿ ವೇವ್) ಮಾತ್ರ ನಡೆಯುತ್ತದೆ.

ಪೆನ್‌ಡ್ರೈವಿನದೇ ತಪ್ಪಿದ್ದಾಗ

ಕಂಪ್ಯೂಟರಿನಲ್ಲಿ ತೆರೆಯುವ ಪೆನ್‌ಡ್ರೈವನ್ನು ಟ್ರ್ಯಾಕ್ಟರ್ ಟೇಪು ನೋಡುವುದೇ ಇಲ್ಲವೆಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಬಗೆ (ಫಾರ್ಮ್ಯಾಟ್) ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ. ಬೇಕಾಗಿರುವುದು ಫ್ಯಾಟ್32. 64 ಜಿಬಿಯ ಕಾರ್ಡುಗಳು ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಇರುತ್ತವೆ, 32ರ ತನಕದವು ಫ್ಯಾಟ್32. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆ ಸಿಗದಿದ್ದರೆ ರೂಫಸ್ ಎಂಬ ಪ್ರೋಗ್ರಾಂ ಬಳಸಿ, ಬೂಟ್ ಆಯ್ಕೆಯನ್ನು ನಾನ್ ಬೂಟಬಲ್ ಮಾಡಿ. ಹಾಡಿಗಾಗಿ ಮಾತ್ರ ಕೊಳ್ಳುವುದಾದರೆ 16 ಜಿಬಿಯದೇ ಕೊಳ್ಳಿ. 128 ಕೆಬಿಪಿಎಸ್‌ನಲ್ಲಿ 270 ಗಂಟೆಗೂ ಹೆಚ್ಚು ಹಿಡಿಯುತ್ತದೆ, ಅಷ್ಟು ಯಾರು ಕೇಳುತ್ತಾರೆ?

ಮೊದಲಿನ ಹಾಡುಗಳೆಲ್ಲ ಸರಿ, ಒಂದು ಹಂತ ದಾಟಿದ ಮೇಲೆ ಎಲ್ಲವೂ ಕೆಟ್ಟಿವೆ ಎಂದರೆ ಪೆನ್‌ಡ್ರೈವ್ ಖೋಟಾ. ಮೇಲೆ 64 ಎಂದಿರುತ್ತದೆ, ಒಳಗೆ 8 ಇರುತ್ತದೆ. ಕಾಪಿ ಮಾಡುವಾಗ ಏನೂ ದೂರದೆ ಎಲ್ಲವನ್ನೂ ನುಂಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಣ್ಣ ಪ್ರೋಗ್ರಾಂ ಪೂರ್ತಿ ಬರೆದು ಓದಿ ನಿಜವಾದ ಅಳತೆ ಹೇಳುತ್ತದೆ.

“ಹಾಡು ಹಿಂದ ಮುಂದ ಆಗ್ಯಾವ”

ಅಗ್ಗದ ಪ್ಲೇಯರ್ ಹೆಸರಿನ ಪ್ರಕಾರ ಹಾಡುವುದಿಲ್ಲ, ಪೆನ್‌ಡ್ರೈವಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆದಿದೆಯೋ ಆ ಪ್ರಕಾರ ಹಾಡುತ್ತದೆ. ಹೆಸರಿನ ಮುಂದೆ 001, 002 ಅಂತ ಮೂರಂಕಿ ಕೊಡಿ. ಬರೀ 1, 2 ಎಂದು ಕೊಟ್ಟರೆ ಹೆಸರು ನೋಡಿ ಹಾಡುವ ಪ್ಲೇಯರಿನಲ್ಲಿ 1 ಆದ ಮೇಲೆ 10 ಬರುತ್ತದೆ. ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಒಂದೊಂದಾಗಿ ಕ್ರಮವಾಗಿ ಕಾಪಿ ಮಾಡಿ. ನಡುವೆ ಒಂದನ್ನು ಅಳಿಸಿ ಹೊಸದು ಹಾಕಿದರೆ ಅದು ಅಳಿಸಿದ ಜಾಗದಲ್ಲಿ ಹೋಗಿ ಕೂರುವುದುಂಟು, ಮತ್ತೆ ಕ್ರಮ ತಪ್ಪುತ್ತದೆ. ಮ್ಯಾಕ್‌ನಿಂದ ಕಾಪಿ ಮಾಡಿದ್ದರೆ ಪ್ರತಿ ಹಾಡಿಗೂ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಒಂದು ಅಡಗಿದ ಫೈಲ್ ಜೊತೆಯಾಗಿರುತ್ತದೆ. 40 ಹಾಡು ಹಾಕಿದರೆ ಡಿಸ್‌ಪ್ಲೇ 80 ಎಂದು ತೋರಿಸುವುದು ಅದಕ್ಕೇ.

“ದನಿ ಎಳದ್ಹಂಗ ಬರ್ತದ”

ಹಾಡಿದವರಿಗೆ ತಕ್ಷಣ ಗೊತ್ತಾಗುವ, ಕೇಳುವವರಿಗೆ ಬೇಗ ಗೊತ್ತಾಗದ ದೋಷ ಇದು. ಪೇಟಿ (ಹಾರ್ಮೋನಿಯಂ) ಮುಂದಿಟ್ಟುಕೊಂಡು ಫೈಲ್ ಹಚ್ಚಿ. ಕಪ್ಪು ಎರಡರಲ್ಲಿ ಹಾಡಿದ ಪದ ಈಗ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ನಿಂತು ಪೇಟಿಯ ಯಾವ ಮನೆಗೂ (ಕೀಲಿಗೂ) ಕೂಡದಿದ್ದರೆ, 48,000 ಹರ್ಟ್ಸಿನಲ್ಲಿ ರೆಕಾರ್ಡಾದದ್ದು 44,100ರ ಲೆಕ್ಕದಲ್ಲಿ ಓಡುತ್ತಿದೆ. ಇಳಿತ ಸುಮಾರು ಒಂದೂವರೆ ಮನೆ. ಗಡಿಯಾರ ಹಿಡಿದರೂ ಸಿಗುತ್ತದೆ: 60 ನಿಮಿಷದ ರೆಕಾರ್ಡಿಂಗು 65 ನಿಮಿಷದ ಮೇಲೆ ಓಡುತ್ತದೆ.

ಇದು ಹುಟ್ಟುವುದು ಹೆಚ್ಚಾಗಿ ಆಡಾಸಿಟಿಯಲ್ಲೇ. ಟ್ರ್ಯಾಕಿನ ಹೆಸರಿನ ಬಳಿ ಇಳಿಯುವ ಮೆನುವಿನಲ್ಲಿ ರೇಟ್ ಎಂದೊಂದಿದೆ. 48,000 ಕಂಡು, ಪ್ಲೇಯರಿಗೆ 44,100 ಬೇಕಲ್ಲ ಎಂದು ಅಲ್ಲೇ ಬದಲಿಸುತ್ತಾರೆ. ಅದು ಪರಿವರ್ತನೆ ಮಾಡುವುದಿಲ್ಲ, ಇದ್ದ ಸ್ಯಾಂಪಲ್ಲುಗಳನ್ನೇ ನಿಧಾನ ಓಡಿಸುತ್ತದೆ. ಆ ರೇಟನ್ನು ಮೊದಲಿದ್ದಲ್ಲಿಗೆ ತನ್ನಿ, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮಾತ್ರ 44,100 ಆರಿಸಿ. ಪರಿವರ್ತನೆ ತಾನೇ ಆಗುತ್ತದೆ, ಸ್ವರ ಕದಲುವುದಿಲ್ಲ. ಕ್ಯಾಸೆಟ್ಟಿನಿಂದ ತೆಗೆದದ್ದಾಗಿದ್ದು ಇಳಿತ ಒಂದೇ ಸಮನಾಗಿಲ್ಲದೆ ತೇಲಾಡುತ್ತಿದ್ದರೆ ಟೇಪಿನ ಬೆಲ್ಟ್ ಸಡಿಲವಾಗಿದೆ. ಅದನ್ನು ಸಾಫ್ಟ್‌ವೇರಿನಲ್ಲಿ ತಿದ್ದುವ ಗೋಜಿಗೆ ಹೋಗದೆ ಬೆಲ್ಟ್ ಬದಲಿಸಿ ಮತ್ತೆ ತೆಗೆಯಿರಿ.

“ಹೆಡ್‌ಫೋನಿನ್ಯಾಗ ಬರ್ತದ, ಸ್ಪೀಕರಿನ್ಯಾಗ ಬರವಲ್ದು”

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಇದೇ, ಹಾಗಾಗಿ ಸ್ವಲ್ಪ ನಿಧಾನ ನೋಡೋಣ.

ಭಜನಿಯ ದಿನ ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ಒಂದು ವೈರ್ ಎಳೆದು ಲ್ಯಾಪ್‌ಟಾಪಿಗೋ ರೆಕಾರ್ಡರಿಗೋ ಕೊಡುತ್ತಾರೆ. ಮರುದಿನ ಹೆಡ್‌ಫೋನಿನಲ್ಲಿ ಕೇಳಿದರೆ ದನಿ ಇದೆ, ಆದರೆ ತಲೆಯ ಹಿಂದಿನಿಂದ ಬಂದ ಹಾಗೆ ಪೊಳ್ಳು. ಒಂದೇ ಸ್ಪೀಕರಿನ ಡಬ್ಬಿಗೆ ಹಚ್ಚಿದರೆ ಹಾಡುವವರು ಮಾಯ! ಪ್ಲೇಯರ್ ಬದಲಿಸಿದರೂ ಅದೇ, ಬಿಟ್ ರೇಟ್ ಬದಲಿಸಿದರೂ ಅದೇ.

ಕಾರಣ ವೈರಿನಲ್ಲಿದೆ. ಮಿಕ್ಸರಿನ ಮುಖ್ಯ ಔಟ್ ಬ್ಯಾಲೆನ್ಸ್ಡ್ ಇರುತ್ತದೆ. ಎಕ್ಸ್‌ಎಲ್‌ಆರ್ ತೂತಿನ 2ನೇ ಪಿನ್ನಿನಲ್ಲಿ ದನಿ, 3ನೇ ಪಿನ್ನಿನಲ್ಲಿ ಅದೇ ದನಿಯ ತಿರುಗುಮುರುಗು ರೂಪ, 1ನೇ ಪಿನ್ ಗ್ರೌಂಡ್. ಅಂಗಡಿಯಲ್ಲಿ ಬೆಸುಗೆ ಹಾಕಿಸಿದ 3.5 ಎಂಎಂ ಜಾಕಿನ ವೈರಿನಲ್ಲಿ 2ನೇ ಪಿನ್ ಎಡಕ್ಕೆ, 3ನೇ ಪಿನ್ ಬಲಕ್ಕೆ ಹೋಗಿರುತ್ತದೆ. ಎಡ ಕಿವಿಗೆ ದನಿ, ಬಲ ಕಿವಿಗೆ ಉಲ್ಟಾ ದನಿ. ಒಂದೇ ಸ್ಪೀಕರಿನ ಪ್ಲೇಯರ್ ಎಡ ಬಲ ಎರಡನ್ನೂ ಕೂಡಿಸುತ್ತದೆ. ಐದಕ್ಕೆ ಮೈನಸ್ ಐದು ಕೂಡಿಸಿದರೆ ಏನು ಉಳಿಯುತ್ತದೆ?

ಖಾತ್ರಿ ಮಾಡಿಕೊಳ್ಳಲು ಆಡಾಸಿಟಿಯಲ್ಲಿ ಒಂದು ಗಟ್ಟಿ ದಮ್ಮಡಿ ಏಟಿನ ಜಾಗಕ್ಕೆ ಹೋಗಿ, ಅಲೆಯ ಒಂದೊಂದು ಗೆರೆ ಕಾಣುವ ತನಕ ಜೂಮ್ ಮಾಡಿ. ಮೇಲಿನ ಚಾನೆಲ್ ಏರುವಾಗ ಕೆಳಗಿನದು ಅಷ್ಟೇ ಇಳಿಯುತ್ತಿದ್ದರೆ, ಕೆರೆಯ ನೀರಿನಲ್ಲಿ ಗುಡಿಯ ನೆರಳು ಬಿದ್ದ ಹಾಗೆ ಕಂಡರೆ, ದೋಷ ಇದೇ.

ಉಪಾಯ ಸರಳ. ಟ್ರ್ಯಾಕ್ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಮಾಡಿ, ಎರಡರಲ್ಲಿ ಒಂದನ್ನು ಅಳಿಸಿಬಿಡಿ, ಉಳಿದದ್ದನ್ನು ಮೋನೋ ಎಕ್ಸ್‌ಪೋರ್ಟ್ ಮಾಡಿ. ಎರಡೂ ಬೇಕೇ ಬೇಕೆಂದರೆ ಒಂದನ್ನು ಆರಿಸಿ ಎಫೆಕ್ಟ್ ಮೆನುವಿನ ಇನ್ವರ್ಟ್ ಕೊಟ್ಟು ಮತ್ತೆ ಜೋಡಿಸಬಹುದು. ಆದರೆ ಎರಡರಲ್ಲೂ ಇರುವುದು ಒಂದೇ ದನಿ, ಜೋಡಿಸಿ ಗಿಟ್ಟುವುದೇನೂ ಇಲ್ಲ. ಮುಂದಿನ ಸಲ ಮಿಕ್ಸರಿನ ಟೇಪ್ ಔಟ್ ಅಥವಾ ರೆಕ್ ಔಟ್ ಎಂಬ ಕೆಂಪು ಬಿಳಿ ತೂತುಗಳಿಂದ ಆರ್‌ಸಿಎ ವೈರಿನಲ್ಲಿ ತೆಗೆದುಕೊಳ್ಳಿ, ಆ ತಾಪತ್ರಯವೇ ಇರುವುದಿಲ್ಲ.

ಇದನ್ನೇ ಹೋಲುವ ಇನ್ನೊಂದಿದೆ. ಸಿನಿಮಾ ಹಾಡಿನಲ್ಲೂ ಹಾಡುವವರ ದನಿ ಮಾಯವಾಗಿ ಬರೀ ವಾದ್ಯ ಕೇಳಿದರೆ ಫೈಲಿನ ತಪ್ಪಲ್ಲ. ಜಾಕ್ ಅರ್ಧ ಕೂತಿದೆ, ಇಲ್ಲವೇ ಅದರ ಗ್ರೌಂಡ್ ಎಳೆ ಕಿತ್ತಿದೆ. ಒತ್ತಿ, ತಿರುವಿ ನೋಡಿ.

ಒಂದೇ ಕಿವಿಯಲ್ಲಿ ಬರುವುದು ಸಣ್ಣ ಕೆಲಸ. ಸ್ಪ್ಲಿಟ್ ಮಾಡಿ, ಖಾಲಿ ಚಾನೆಲ್ ಅಳಿಸಿ, ಮೋನೋ ಮಾಡಿ. ಅಳಿಸದೆ ಎರಡನ್ನೂ ಬೆರೆಸಿದರೆ ದನಿ 6 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಕುಗ್ಗುತ್ತದೆ.

ಕ್ಯಾಸೆಟ್ಟಿನಿಂದ ತೆಗೆದದ್ದರಲ್ಲಿ ಫ್ಯಾನಿನ ಸದ್ದು

ಟೇಪಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಕೊಟ್ಟು ಕ್ಯಾಸೆಟ್ ಓಡಿಸಿದ್ದೀರಿ, ರೆಕಾರ್ಡಿಂಗಿನಲ್ಲಿ ಫ್ಯಾನ್, ಬಾಗಿಲು, ಓಣಿಯ ನಾಯಿ ಎಲ್ಲ ಇವೆ. ಲ್ಯಾಪ್‌ಟಾಪಿನ ಒಂಟಿ ಜಾಕಿಗೆ ನಾಲ್ಕು ಪಟ್ಟಿಯ ಪಿನ್ ಬೇಕು. ಮೂರು ಪಟ್ಟಿಯದು ಚುಚ್ಚಿದರೆ ಅದು ಹೆಡ್‌ಫೋನ್ ಅಂದುಕೊಂಡು ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ. ಪರೀಕ್ಷೆ: ರೆಕಾರ್ಡ್ ಒತ್ತಿ, ಪರದೆಯ ಮೇಲ್ಗಡೆಯ ಅಂಚನ್ನು ಉಗುರಿನಿಂದ ಟಕ್ ಟಕ್ ಬಡಿಯಿರಿ. ಅಲೆಯಲ್ಲಿ ಮುಳ್ಳು ಎದ್ದರೆ ಒಳಗಿನ ಮೈಕು ಎಚ್ಚರವಾಗಿದೆ. ಲೈನ್ ಇನ್ (ಟೇಪಿನಂಥ ಯಂತ್ರದ ದನಿ ಒಳಗೆ ಕೊಡುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳುವುದೇ ಇದಕ್ಕೆ ಮದ್ದು. ಬರೀ ಮೈಕ್ ತೂತಿರುವ ಕಾರ್ಡಿಗೆ ಕೊಡಬೇಕಾದರೆ ಟೇಪಿನ ವಾಲ್ಯೂಮ್ ಕಾಲು ಭಾಗ ದಾಟಿಸಬೇಡಿ. ಮೈಕ್ ತೂತು ಸಣ್ಣ ದನಿಯನ್ನು ಹಿಗ್ಗಿಸಲು ಮಾಡಿದ್ದು, ಹೆಚ್ಚು ಕೊಟ್ಟರೆ ಒಡೆಯುತ್ತದೆ.

ಶುರು ಮಾಡುವ ಮುಂಚೆ ಟೇಪಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಂದು ಬಣ್ಣದ ಹುಡಿ ಹತ್ತುವುದು ನಿಲ್ಲುವ ತನಕ.

“ಆವಾಜ್ ಸಣ್ಣ ಬರ್ತದ”

ನಾರ್ಮಲೈಸ್ (ಪೂರ್ತಿ ದನಿಯನ್ನು ಒಂದು ಮಟ್ಟಕ್ಕೆ ಏರಿಸುವ ಎಫೆಕ್ಟ್) ಮಾಡಿದೆ, ಆದರೂ ಏರಲಿಲ್ಲ ಎನ್ನುವವರು ಅಲೆಯನ್ನು ನೋಡಬೇಕು. ತಾಳದ ಏಟುಗಳು ಮುಳ್ಳಿನ ಹಾಗೆ ಮೇಲಿನ ತನಕ ಎದ್ದಿರುತ್ತವೆ, ದನಿ ಕೆಳಗೆ ತೆಳ್ಳಗೆ ಮಲಗಿರುತ್ತದೆ. ನಾರ್ಮಲೈಸ್ ಅತಿ ಎತ್ತರದ ಮುಳ್ಳನ್ನು ನೋಡಿ ಅಳೆಯುತ್ತದೆ. ಆ ಮುಳ್ಳು ಆಗಲೇ ತುದಿಯಲ್ಲಿದ್ದರೆ ಅದು ಏನೂ ಮಾಡುವುದಿಲ್ಲ. ಮೊದಲು ಲಿಮಿಟರಿನಿಂದ ಮುಳ್ಳುಗಳನ್ನು 6ರಿಂದ 8 ಡಿಬಿ ತಗ್ಗಿಸಿ, ಆಮೇಲೆ ಮೈನಸ್ 1 ಡಿಬಿಗೆ ನಾರ್ಮಲೈಸ್ ಮಾಡಿ. ಪೂರ್ತಿ 0ಗೆ ತಂದರೆ ಎಂಪಿ3 ಆಗುವಾಗ ಮತ್ತೆ ಗಡಿ ದಾಟಿ ಚರಚರ ಅನ್ನುತ್ತದೆ.

ಅಲೆಯ ತುದಿಗಳು ಕತ್ತರಿಸಿದ ಹಾಗೆ ಸಪಾಟಾಗಿದ್ದರೆ ರೆಕಾರ್ಡಿಂಗಿನಲ್ಲೇ ಒಡೆದಿದೆ. ಅದನ್ನು ಪೂರ್ತಿ ಸರಿಮಾಡುವ ಸಾಫ್ಟ್‌ವೇರ್ ಇಲ್ಲ. ಡೊಳ್ಳು ಇರುವಲ್ಲಿ ಮೀಟರ್ ಮೈನಸ್ 12ರ ಸುತ್ತ ಆಡುವಂತೆ ಇಡಿ. ಡೊಳ್ಳಿನ ಏಟು ಬಿದ್ದಾಗಲೆಲ್ಲ ಹಾಡುವವರ ದನಿ ಮುಳುಗಿ ಮತ್ತೆ ಮೇಲೆದ್ದರೆ ಅದು ಮೊಬೈಲಿನ ತಾನೇ ಏರಿಳಿಸುವ ಗೇನ್. ರೆಕಾರ್ಡರ್ ಆಪಿನ ಸೆಟ್ಟಿಂಗಿನಲ್ಲಿ ಅದನ್ನು ಬಂದ್ ಮಾಡಿಯೇ ರೆಕಾರ್ಡ್ ಮಾಡಬೇಕು, ಆಮೇಲೆ ದಾರಿಯಿಲ್ಲ.

ಗುಂಯ್ ಮತ್ತು ಗದ್ದಲ

ಎಡೆಬಿಡದೆ ಗುಂಯ್ ಎನ್ನುವುದು 50 ಹರ್ಟ್ಸಿನ ಕರೆಂಟಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ಹೆಚ್ಚಾಗಿ ನಿಂತೇಹೋಗುತ್ತದೆ. ಆಗಲೇ ರೆಕಾರ್ಡಾಗಿದ್ದರೆ ನಾಚ್ ಫಿಲ್ಟರ್ (ಒಂದೇ ಹರ್ಟ್ಸಿನ ಸದ್ದನ್ನು ಮಾತ್ರ ಕತ್ತರಿಸುವ ಎಫೆಕ್ಟ್) 50ಕ್ಕೆ, 100ಕ್ಕೆ, 150ಕ್ಕೆ ಮೂರು ಸಲ ಕೊಡಿ. ಟ್ರ್ಯಾಕ್ಟರಿನಲ್ಲಿ ಮಾತ್ರ ಕುಂಯ್ ಅಂದು, ರೇಸ್ ಕೊಟ್ಟ ಹಾಗೆ ಅದೂ ಏರಿದರೆ ಫೈಲ್ ತಿದ್ದುತ್ತ ಕೂರಬೇಡಿ, ಅದು ವೈರಿಂಗಿನ ಗ್ರೌಂಡ್.

ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಎಫೆಕ್ಟ್ ಒಂದೇ ಸಮ ಇರುವ ಸದ್ದಿಗೆ ಮಾತ್ರ: ಫ್ಯಾನು, ಟೇಪಿನ ಸುಸ್ಸೆನ್ನುವುದು. ರಬಕವಿ ಬನಹಟ್ಟಿಯ ಓಣಿಗಳಲ್ಲಿ ರೆಕಾರ್ಡ್ ಮಾಡಿದರೆ ಪವರ್‌ಲೂಮಿನ ಖಟಕ್ ಖಟಕ್ ಹಿಂದೆ ಇದ್ದೇ ಇರುತ್ತದೆ. ಅದು ಬಿಟ್ಟು ಬಿಟ್ಟು ಬೀಳುವ ಏಟಾದ್ದರಿಂದ ಈ ಎಫೆಕ್ಟಿಗೆ ಬಗ್ಗುವುದಿಲ್ಲ. ಮಗ್ಗ ನಿಂತ ಹೊತ್ತು ನೋಡಿ ರೆಕಾರ್ಡ್ ಮಾಡುವುದೇ ವಾಸಿ. ಫ್ಯಾನಿನಂಥ ಸದ್ದಿಗಾದರೆ ಯಾರೂ ಹಾಡದ ಒಂದೆರಡು ಸೆಕೆಂಡ್ ಆರಿಸಿ ಪ್ರೊಫೈಲ್ (ಗದ್ದಲದ ಮಾದರಿ) ತೆಗೆದುಕೊಳ್ಳಿ, ಆಮೇಲೆ ಪೂರ್ತಿ ಟ್ರ್ಯಾಕಿಗೆ 6ರಿಂದ 12 ಡಿಬಿ. ಅದಕ್ಕಿಂತ ಹೆಚ್ಚಾದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಎಚ್ಚರ ಇರಬೇಕಾದದ್ದು ಶ್ರುತಿಪೆಟ್ಟಿಗೆಯ ವಿಷಯದಲ್ಲಿ. ಹಾಡು ಶುರುವಾಗುವ ಮುಂಚಿನ ಮೌನದಲ್ಲಿ ಶ್ರುತಿ ಹಿಡಿದಿರುತ್ತಾರೆ. ಅಲ್ಲಿಂದ ಪ್ರೊಫೈಲ್ ತೆಗೆದರೆ ಸಾಫ್ಟ್‌ವೇರ್ ಶ್ರುತಿಯನ್ನೇ ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ, ಜೊತೆಗೆ ಹಾಡುವವರ ಷಡ್ಜವನ್ನೂ ಕೆರೆಯುತ್ತದೆ.

ಹೆಸರಿನ ಜಾಗದಲ್ಲಿ ಚೌಕ

ಪ್ಲೇಯರಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ಏನು ಮಾಡಿದರೂ ಚೌಕವೇ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡ ಬರುವ ಪ್ಲೇಯರಿನಲ್ಲೂ ಚೌಕ ಬಂದರೆ ಟ್ಯಾಗನ್ನು (ಫೈಲಿನೊಳಗೆ ಬರೆದಿರುವ ಹಾಡಿನ ಹೆಸರು, ವಿವರ) ಎಂಪಿ3ಟ್ಯಾಗ್ ಎಂಬ ಪ್ರೋಗ್ರಾಂನಲ್ಲಿ ತೆರೆದು ಐಡಿ3 2.3, ಯುಟಿಎಫ್16 ಆಗಿ ಉಳಿಸಿ. ಹಾಡಿನೊಳಗೆ ದೇವರ ಫೋಟೋ ಸೇರಿಸಿದ್ದರೆ 300 ಪಿಕ್ಸೆಲ್ಲಿಗೆ ಇಳಿಸಿ ಅಥವಾ ತೆಗೆಯಿರಿ. ಮೊಬೈಲಿನಲ್ಲಿ ತೆಗೆದ ಪೂರ್ತಿ ಫೋಟೋ ಒಳಗಿದ್ದರೆ ಕೆಲವು ಪ್ಲೇಯರುಗಳು ಅದನ್ನು ನುಂಗಲಾರದೆ ನಿಲ್ಲುತ್ತವೆ.

ರಾತ್ರಿಯಿಡೀ ನಡೆದ ಆಟ

ಪಾರಿಜಾತದಂಥ ಎಂಟು ತಾಸಿನ ರೆಕಾರ್ಡಿಂಗು ನಡುವೆಯೇ ನಿಂತಿದ್ದರೆ ಫ್ಯಾಟ್32ರ ಮಿತಿ ನೋಡಿ. ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 16 ಬಿಟ್, 44,100ರ ಸ್ಟೀರಿಯೋ ವೇವ್ ಅದನ್ನು 6 ಗಂಟೆ 45 ನಿಮಿಷಕ್ಕೆ ಮುಟ್ಟುತ್ತದೆ, 24 ಬಿಟ್, 96,000 ಇಟ್ಟರೆ ಎರಡು ಗಂಟೆಗೇ. ಮೋನೋ ಇಟ್ಟರೆ ಅವಧಿ ಇಮ್ಮಡಿ. ಮೂಲ ವೇವ್ ಫೈಲನ್ನು ಬೇರೆ ಡಿಸ್ಕಿನಲ್ಲಿ ಕಾಯ್ದಿಡಿ. ಎಂಪಿ3ಯಿಂದ ಎಂಪಿ3 ಮಾಡಿದ ಪ್ರತಿ ಸಲ ದನಿ ಇಷ್ಟಿಷ್ಟು ಸವೆಯುತ್ತದೆ.

ಪ್ಲೇಯರಿಗೆ ಅದನ್ನು ಒಂದೇ ಫೈಲಾಗಿ ಕೊಡಬೇಡಿ. ಅಗ್ಗದವು ಆಫ್ ಮಾಡಿದ ಜಾಗ ನೆನಪಿಡುವುದಿಲ್ಲ, ಮತ್ತೆ ಗಣಪತಿ ಸ್ತುತಿಯಿಂದಲೇ ಶುರು. ಒಂದೊಂದು ಪದ ಏಳುವ ಮುಂಚೆ ಕಂಟ್ರೋಲ್ ಮತ್ತು ಬಿ ಒತ್ತಿ ಲೇಬಲ್ (ಗುರುತು) ಹಾಕುತ್ತ ಹೋಗಿ, 001, 002 ಎಂದೇ ಹೆಸರು ಕೊಡಿ, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮಲ್ಟಿಪಲ್ ಫೈಲ್ಸ್ ಆರಿಸಿ. ಹತ್ತು ನಿಮಿಷಕ್ಕೊಂದರಂತೆ ಯಂತ್ರಕ್ಕೆ ಕತ್ತರಿಸಲು ಬಿಡಬೇಡಿ. ಎಂಪಿ3 ಫೈಲುಗಳ ನಡುವೆ ಒಂದು ಗೇಣು ಮೌನ ಬಂದೇ ಬರುತ್ತದೆ, ಅದು ಪದದ ನಡುವೆ ಬಿದ್ದರೆ ತಾಳ ತಪ್ಪಿದ ಹಾಗೆ ಕೇಳುತ್ತದೆ. ಮಾತು ಮುಗಿದು ಪದ ಏಳುವ ಮುಂಚೆ ಪೇಟಿ ಸ್ವರ ಹಿಡಿಯುತ್ತದಲ್ಲ, ಅದಕ್ಕೂ ಅರ್ಧ ಸೆಕೆಂಡ್ ಹಿಂದೆ ಗುರುತು ಹಾಕಿ.